ಎಡಗಡೆಯ ಕಮಾನು

ನಮ್ಮ ಮನೆತನದಲ್ಲಿ ಕಾರನ್ನು ಉದ್ದಕ್ಕೆ ಸೀಳಿ ಪಾಲು ಮಾಡಿದ್ದರು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ನಾನು ಅದರಲ್ಲಿ ಕೂತು ಓಡಾಡಿದವಳು; ಹೊಲ ಮನೆ ಪಾಲಾದಷ್ಟೇ ಅದೂ ನನಗೆ ಸಹಜವಾಗಿ ಕಂಡಿತ್ತು. ಬಲಗಡೆ ದೊಡ್ಡಪ್ಪನದು, ಎಡಗಡೆ ನಮ್ಮಪ್ಪನದು. ಎಂಜಿನ್ನು ಇಬ್ಬರಿಗೂ ಸೇರಿದ್ದು. ಸ್ಟೇರಿಂಗು ಬಲಕ್ಕೆ ಇದ್ದುದರಿಂದ ಅದು ತಾನಾಗಿಯೇ ದೊಡ್ಡಪ್ಪನ ಪಾಲಾಯಿತು. ಎಡಗಡೆಯ ದೀಪ ಒಡೆದರೆ ನಾವು ಹಾಕಿಸಬೇಕು, ಬಲಗಡೆಯ ಬಾಗಿಲು ಸಡಿಲಾದರೆ ಅವರು. ಹಿಂದಿನ ಸೀಟಿನ ನಟ್ಟನಡುವೆ ಒಂದು ಹೊಲಿಗೆ ಇತ್ತು. ಅದನ್ನು ನಾವು ಹೊಲದ ಬದುವಿನಂತೆ ನೋಡುತ್ತಿದ್ದೆವು. ನಮ್ಮ ಕಡೆಯವರು ಅದನ್ನು ದಾಟಿ ಆ ಕಡೆ ಕೂತರೆ ಯಾರೂ ಬೈಯುತ್ತಿರಲಿಲ್ಲ, ಆದರೆ ಯಾರೂ ಕೂಡುತ್ತಲೂ ಇರಲಿಲ್ಲ.

ಈ ಪಾಲು ಹುಟ್ಟಿದ್ದು ರಜಾಕಾರರ ಹಾವಳಿಯ ದಿನಗಳಲ್ಲಿ. ಕಮಲಾಪುರದಲ್ಲಿ ನಮ್ಮ ಹಿರಿಯರ ಮನೆ ಮತ್ತು ಹೊಲ. ಅಲ್ಲಿ ದೊಡ್ಡಪ್ಪ ಇದ್ದ. ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಇನ್ನೊಂದು ಮನೆ, ಜೊತೆಗೆ ತೊಗರಿಯ ಅಡತಿ ಅಂಗಡಿ. ಅಲ್ಲಿ ಅಪ್ಪ, ಅವ್ವ, ಅಕ್ಕ, ನಾನು. ಊರೂರಿನಲ್ಲಿ ಕಾರುಗಳನ್ನು ಎಳೆದೊಯ್ಯುತ್ತಾರೆ ಎಂಬ ಸುದ್ದಿ ಬಂದಾಗ ಅಣ್ಣ ತಮ್ಮ ಸೇರಿ ಕಾರಿನ ಗಾಲಿ ಬಿಚ್ಚಿದರು. ಬರೀ ಮೈಯನ್ನು ಕಲ್ಲಿನ ಮೇಲೆ ಕೂರಿಸಿ ಅದರ ಸುತ್ತ ಜೋಳದ ಕಣಿಕೆಯ ಬಣವೆ ಒಟ್ಟಿಸಿದರು. ಬಲಗಡೆಯ ಗಾಲಿಗಳು ಕಮಲಾಪುರದಲ್ಲೇ ಕಾಳಿನ ಹಗೇವಿನೊಳಗೆ ಇಳಿದವು. ಎಡಗಡೆಯವು ಜೋಳದ ಚೀಲದ ಕೆಳಗೆ ಬಂಡಿಯಲ್ಲಿ ಕಲಬುರಗಿಗೆ ಬಂದು ನಮ್ಮ ಅಡಕಲು ಕೋಣೆ ಸೇರಿದವು.

ಕಾರು ಹುಡುಕಿಕೊಂಡು ಬಂದವರು ದೊಡ್ಡಪ್ಪನನ್ನು ಅವನ ಕಣದಲ್ಲೇ ಕೆಡವಿ ಹೊಡೆದರು. ಕಾರು ಎಲ್ಲಿ, ತಲೆಮರೆಸಿಕೊಂಡ ತಮ್ಮ ಎಲ್ಲಿ ಎಂದು ಕೇಳಿದರು. ಅವನು ಎರಡನ್ನೂ ಹೇಳಲಿಲ್ಲ. ಬಣವೆ ಅವರ ಬೆನ್ನ ಹಿಂದೆಯೇ ಇತ್ತು. ಆಮೇಲೆ ಫೌಜು ಬಂತು, ಪೋಲೀಸ್ ಕಾರ್ಯಾಚರಣೆಯಾಯಿತು, ನಿಜಾಮರ ಆಳ್ವಿಕೆ ಮುಗಿಯಿತು, ಕಾರು ಬಣವೆಯಿಂದ ಹೊರಗೆ ಬಂದು ಮತ್ತೆ ನಾಲ್ಕು ಗಾಲಿಯ ಮೇಲೆ ನಿಂತಿತು. ದೊಡ್ಡಪ್ಪನ ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಬಹಳ ಹೊತ್ತು ಕೂತರೆ ಅವನ ಮುಖ ಬಿಳುಚಿಕೊಳ್ಳುತ್ತಿತ್ತು.

ಮನೆತನ ಪಾಲಾದಾಗ ಜಗಳವೇನೂ ಆಗಲಿಲ್ಲ. ಕಾರಿನ ಮಾತು ಬಂದಾಗ ಪಂಚರಲ್ಲಿ ಒಬ್ಬ ಹಿರಿಯರು, ಗಾಲಿ ಯಾರ ಮನೆಯಲ್ಲಿ ಉಳಿದಿದ್ದವೋ ಆ ಕಡೆ ಅವರದು ಅಂದುಬಿಟ್ಟರು. ಚೇಷ್ಟೆಗೆ ಅಂದರೋ ನಿಜಕ್ಕೇ ಅಂದರೋ ಗೊತ್ತಿಲ್ಲ. ಅಣ್ಣ ತಮ್ಮ ಇಬ್ಬರೂ ತಲೆ ಅಲ್ಲಾಡಿಸಿದರು. ಅಪ್ಪನಿಗೆ ಹೊಸದಾಗಿ ಸ್ವಂತದ್ದಾದ ಸಂಭ್ರಮ ಬೇರೆ. ಪಾಲಿಗೆ ಬಂದ ಕೊಡ, ಕೊಪ್ಪರಿಗೆ, ತಂಬಿಗೆಗಳ ಮೇಲೆಲ್ಲ ಕಂಚಗಾರರಿಂದ ತನ್ನ ಹೆಸರು ಕೆತ್ತಿಸಿದ. ಸೊಲ್ಲಾಪುರದಿಂದ ಕಾರಿಗೆ ಹೊಸ ಕಮಾನು ತಂದಾಗ ಅವುಗಳ ಮೇಲೂ ಹೆಸರು ಕೆತ್ತಿಸಿದ. ಕಮಾನು ಎಂದರೆ ಗಾಲಿಗೂ ಗಾಡಿಯ ಮೈಗೂ ನಡುವೆ ಇರುವ ಉಕ್ಕಿನ ಪಟ್ಟಿಗಳ ಕಟ್ಟು; ರಸ್ತೆಯ ಏಟನ್ನೆಲ್ಲ ಮೊದಲು ತಿನ್ನುವುದು ಅದೇ. ಗಾಡಿಯ ಕೆಳಗೆ ಹೋಗುವ ಕಬ್ಬಿಣಕ್ಕೆ ಹೆಸರು ಯಾಕೆ ಎಂದು ಅವ್ವ ನಕ್ಕಿದ್ದು ನನಗೆ ನೆನಪಿದೆ. ಅಪ್ಪ ಅವನ್ನು ಬಸ್ಸಿನ ಮೇಲೆ ಹಾಕಿಕೊಂಡು, ಕಾರು ನಿಲ್ಲುತ್ತಿದ್ದ ಕಮಲಾಪುರಕ್ಕೆ ಒಯ್ದು, ಅಲ್ಲಿಯ ಕಮ್ಮಾರನಿಂದ ಹಾಕಿಸಿಕೊಂಡು ಬಂದ.

ಅದೇ ವರ್ಷ ಅಕ್ಕನ ಚೊಚ್ಚಲು ಹೆರಿಗೆ. ಅಕ್ಕನನ್ನು ಕೊಟ್ಟದ್ದು ಕಮಲಾಪುರದಲ್ಲೇ, ದೊಡ್ಡಪ್ಪನ ಮನೆಯಿಂದ ಎರಡು ಓಣಿ ಆಚೆ. ಬಸುರಿಗೆ ಮಾಡುವ ಕುಬುಸದ ಕಾರ್ಯ ಮುಗಿಸಿ ಅಪ್ಪ ಮತ್ತು ದೊಡ್ಡಪ್ಪ ಅವಳನ್ನು ಕಾರಿನಲ್ಲಿ ತವರಿಗೆ ಕರೆತಂದರು. ಕಮಲಾಪುರದಿಂದ ಮಹಾಗಾಂವದ ತನಕ ರಸ್ತೆಯೆಂಬುದು ಬರೀ ಮಾತಿಗೆ. ಮನೆಗೆ ಬಂದ ಮರುದಿನ ಅವಳಿಗೆ ಹೊಟ್ಟೆನೋವು ಬಂತು. ದವಾಖಾನೆಗೆ ಒಯ್ದರು, ಸತ್ತ ಕೂಸು ಹುಟ್ಟಿತು. ದಾರಿಯ ಕುಲುಕಿಗೆ ಹೋಯಿತು ಎಂದು ಎಲ್ಲರೂ ಅಂದರು. ಬೇರೆ ಕಾರಣ ಯಾರಿಗೂ ಬೇಕಾಗಲಿಲ್ಲ. ಅಪ್ಪ ಅಂದಿನಿಂದ ಅನ್ನ ಬಿಟ್ಟವನ ಹಾಗೆ ಆದ. ಅಂಗಡಿಗೆ ಹೋಗುತ್ತಿದ್ದ, ಬರುತ್ತಿದ್ದ, ಕರೆದರೆ ಓ ಅನ್ನುತ್ತಿರಲಿಲ್ಲ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ತೀರಿಕೊಂಡ. ಮೊಮ್ಮಗನ ಹಂಬಲ ಎಂದು ನಾವು ತಿಳಿದೆವು.

ಈಗ ಹೇಳಬೇಕಾದದ್ದು ಅದರ ಮುಂದಿನ ವರ್ಷದ ಮಾತು. ಅಕ್ಕ ಮತ್ತೆ ಬಸುರಿಯಾದಳು. ಮೊದಲನೆಯದು ದಕ್ಕದ್ದರಿಂದ ಇದನ್ನೇ ಚೊಚ್ಚಲು ಎಂದು ತಿಳಿದು ತವರಿಗೆ ತರಬೇಕು ಎಂದಾಯಿತು. ತರುವುದು ಅದೇ ಕಾರಿನಲ್ಲಿ, ಅದೇ ರಸ್ತೆಯಲ್ಲಿ. ಅವ್ವ ಊಟದ ಮುಂದೆ ಕೂತು ತುತ್ತು ಎತ್ತದೆ ರಸ್ತೆಯನ್ನೇ ನೋಡುತ್ತಿರುವವಳಂತೆ ಇರುತ್ತಿದ್ದಳು. ಈ ಸಲ ಕೂಸು ಜೀವಂತ ಬರಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ದೊಡ್ಡಪ್ಪ ಒಂದು ದಿನ ಕಾರು ಓಡಿಸಿಕೊಂಡು ಬಂದು ಕೋಟೆಯ ಹತ್ತಿರದ ಮಿಸ್ತ್ರಿಯ ಶೆಡ್ಡಿನಲ್ಲಿ ಬಿಟ್ಟ. ನಮ್ಮ ಮನೆಗೆ ಬಂದು ನೀರು ಕುಡಿದು, ಗಾಡಿ ಎಡಕ್ಕೆ ವಾಲುತ್ತಿದೆ, ನಿಮ್ಮ ಕಡೆ ಏನೇನು ಬದಲಿಸಬೇಕೋ ನೋಡಿಕೊಳ್ಳಿರಿ, ನನ್ನ ಕಡೆ ಚೆನ್ನಾಗಿದೆ ಎಂದು ಹೇಳಿ ಬಸ್ಸು ಹಿಡಿದು ಹೋದ.

ಗಂಡ ತೀರಿಕೊಂಡ ಹೆಂಗಸು ಗ್ಯಾರೇಜಿಗೆ ಹೋಗುವುದು ಆ ಕಾಲದಲ್ಲಿ ಇರಲಿಲ್ಲ. ಅವ್ವ ಸೆರಗು ಬಿಗಿದು ಹೊರಟೇಬಿಟ್ಟಳು. ನಾನು ಮದುವೆಯಾಗದ, ಉರ್ದು ಶಾಲೆಯಲ್ಲಿ ಮೆಟ್ರಿಕ್‌ವರೆಗೆ ಓದಿದ ಹುಡುಗಿ. ಮಾತು ತಿರುಗಿಸಿ ಹೇಳಲು ಬೇಕಾಗುತ್ತದೆ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಕೋಟೆಯ ಕಂದಕದ ಪಕ್ಕದ ಬಯಲಿನಲ್ಲಿ ತಗಡಿನ ಶೆಡ್ಡು. ಅದರ ಒಂದು ಗೋಡೆ ಇನ್ನೂ ಕಪ್ಪಗಿತ್ತು. ಕಾರ್ಯಾಚರಣೆಯ ಬೆನ್ನಿಗೆ ನಡೆದ ಗಲಾಟೆಯಲ್ಲಿ ಅದಕ್ಕೆ ಬೆಂಕಿ ಬಿದ್ದಿತ್ತು. ಮಿಸ್ತ್ರಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿನ ನೆಂಟರ ಮನೆ ಸೇರಿ, ಬಹಳ ತಿಂಗಳಾದ ಮೇಲೆ ತಿರುಗಿ ಬಂದಿದ್ದ. ಬಾಯಿ ದೊಡ್ಡದು ಅವನದು, ಕನ್ನಡ ಮಾತ್ರ ಅಷ್ಟಕ್ಕಷ್ಟೆ. ತಾನು ನವಾಬರ ಮೋಟಾರು ಬಿಚ್ಚಿದವನು ಎಂಬುದನ್ನು ನಟ್ಟು ಬೋಲ್ಟಿಗೆ ಒಂದು ಸಲ ಹೇಳುತ್ತಿದ್ದ.

ಅವನು ಎಡಗಡೆಯನ್ನು ಬಿಚ್ಚಿ ಎಲ್ಲವನ್ನೂ ಗೋಣಿತಟ್ಟಿನ ಮೇಲೆ ಹರವಿದ್ದ. ಮುಂದಿನ ಗಾಲಿ ತಿರುಗುವ ಮೊಳೆಯಂಥ ಕಿಂಗ್‌ಪಿನ್ನು ಒಂದು ಕಡೆ ಸವೆದು ತೆಳ್ಳಗಾಗಿತ್ತು. ಅದರ ಸುತ್ತಲಿನ ಹಿತ್ತಾಳೆಯ ಬುಶ್ಶು ಗುಂಡಗೆ ಇರಬೇಕಾದದ್ದು ಮೊಟ್ಟೆಯಂತಾಗಿತ್ತು. ಏಟು ತಡೆಯುವ ಶಾಕಿನಿಂದ ಎಣ್ಣೆ ಸೋರುತ್ತಿತ್ತು. ಎಲ್ಲವನ್ನೂ ಬದಲಿಸಿರಿ, ಎರಡೂ ಕಡೆ ಬದಲಿಸಿರಿ, ಒಂದು ಕಡೆ ಹೊಸದು ಒಂದು ಕಡೆ ಹಳೆಯದು ಹಾಕಿದರೆ ಗಾಡಿ ಕುಂಟುತ್ತದೆ ಎಂದು ಅವನ ವಾದ. ಬಲಗಡೆ ನಮ್ಮದಲ್ಲ ಎಂದು ಅವ್ವ ಹೇಳಿದಾಗ ಅವನು ನನ್ನ ಮುಖ ನೋಡಿದ. ನಾನು ಉರ್ದುವಿನಲ್ಲಿ ಪಾಲಿನ ಕಥೆ ಹೇಳಿದೆ. ಅವನು ಎಲೆ ಅಡಿಕೆ ಅಗಿಯುವುದನ್ನೇ ನಿಲ್ಲಿಸಿದ. ಸೊಲ್ಲಾಪುರದಿಂದ ಒಂದು ಸಲಕ್ಕೆ ಎಲ್ಲ ಸಾಮಾನು ಸಿಗುವುದಿಲ್ಲ, ಸಿಕ್ಕಷ್ಟರಲ್ಲಿ ಯಾವುದು ಮೊದಲು ಅಂತ ನೀವೇ ಹೇಳಿರಿ ಎಂದ.

ಅವ್ವ ಗೋಣಿತಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಕಾಯಿಪಲ್ಲೆ ಆರಿಸುವವಳ ಹಾಗೆ ಒಂದೊಂದನ್ನೇ ಮುಟ್ಟಿ ಕೇಳಿದಳು.

"ಇದ್ರಾಗ ಯಾವುದು ಮುರದ್ರ ಜೀವ ಹೋಗ್ತದ, ಯಾವುದು ಮುರದ್ರ ಬರೇ ಸೊಂಟ ನೋಯ್ತದ? ಅದಷ್ಟು ಹೇಳ್ರಿ."

"ಕಿಂಗ್‌ಪಿನ್ ಹೋದ್ರ ಗಾಲೀನೇ ಹೋಗ್ತದ ಅಮ್ಮಾ. ಕಮಾನು ಹೋದ್ರ ಸೊಂಟ."

"ಬಸುರಿ ಕುಂತಿದ್ರ?"

ಮಿಸ್ತ್ರಿ ಕೈ ಒರೆಸಿಕೊಂಡು ಎದ್ದ. ಮೂಲೆಯಲ್ಲಿ ನಿಲ್ಲಿಸಿದ್ದ ಕಮಾನಿನ ಕಟ್ಟುಗಳನ್ನು ತಂದು ಅವಳ ಮುಂದೆ ಹಾಕಿದ. ಪಟ್ಟಿಗಳ ಬಾಗೇ ಹೋಗಿ ಚಪ್ಪಟೆಯಾಗಿದ್ದವು. ಒಂದು ಸೀಳಿತ್ತು, ಇನ್ನೊಂದು ಎಂದೋ ಮುರಿದು ತುಂಡು ಉಳಿದಿತ್ತು. ಇವಕ್ಕೆ ಎಷ್ಟು ವರ್ಷವಾಗಿದೆಯೋ ದೇವರಿಗೇ ಗೊತ್ತು, ಕಾರಿನ ಜೊತೆಗೇ ಹುಟ್ಟಿದವು ಎಂದ.

ಅವ್ವನ ಮುಖ ಕೆಂಪಾಯಿತು. ಕಮಾನು ಹೊಸವು, ನಮ್ಮ ಮನೆಯವರು ಸೊಲ್ಲಾಪುರದಿಂದ ತಂದು ಹಾಕಿಸಿದ್ದು ನಿನ್ನೆ ಮೊನ್ನೆಯ ಮಾತು, ಇವು ನಮ್ಮವಲ್ಲ ಎಂದಳು. ಮಿಸ್ತ್ರಿ ನಕ್ಕ. ನಗಬಾರದಿತ್ತು. ಕಾರು ನಿನ್ನ ಶೆಡ್ಡಿನಲ್ಲಿ ಬಿದ್ದಿದೆ, ನಮ್ಮ ಹೊಸ ಕಮಾನು ಬಿಚ್ಚಿ ಯಾವ ಗಾಡಿಗೆ ಹಾಕಿದೆ ಎಂದು ಅವ್ವ ನೇರವಾಗಿ ಕೇಳಿಬಿಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಿಸ್ತ್ರಿ ತೌಬಾ ತೌಬಾ ಎನ್ನುತ್ತ ಎರಡೂ ಕೆನ್ನೆ ಬಡಿದುಕೊಂಡ. ಆ ಸುಟ್ಟ ಗೋಡೆ ತೋರಿಸಿ, ಎಲ್ಲ ಕಳೆದುಕೊಂಡಾಗಲೂ ಒಬ್ಬರ ಮೊಳೆ ಮುಟ್ಟಿದವನಲ್ಲ ಎಂದ. ಆಮೇಲೆ ಸಿಟ್ಟಿನಲ್ಲೇ, ನೀವು ಒಪ್ಪದಿದ್ದರೂ ಸರಿ, ಆ ಕಡೆಯ ಕಮಾನು ನೋಡಿರಿ, ಎರಡೂ ಒಂದೇ ವಯಸ್ಸಿನವು ಅಂತ ತೋರಿಸುತ್ತೇನೆ ಎಂದು ಬಲಗಡೆ ಜಾಕ್ ಏರಿಸಿ ಕೆಳಗೆ ತೂರಿದ.

ಅವನು ಅಂದುಕೊಂಡಂತೆ ಅಲ್ಲಿ ಇರಲಿಲ್ಲ. ಕೆಳಗಿನಿಂದಲೇ ಏನೋ ಗೊಣಗಿದ. ಸೀಮೆಎಣ್ಣೆಯ ಅರಿವೆ ಕೇಳಿ ತೆಗೆದುಕೊಂಡು ಒರೆಸಿದ. ಇವು ಹೊಸವು, ಕಂಪನಿಯ ಗುರುತೂ ಇದೆ, ನಿಮ್ಮ ಕನ್ನಡದಲ್ಲಿ ಏನೋ ಬರೆದಿದೆ ಎಂದ. ಕಂಪನಿಯವರು ಕನ್ನಡದಲ್ಲಿ ಯಾಕೆ ಬರೆಯುತ್ತಾರೆ? ನಾನು ಮಣ್ಣಿನ ಮೇಲೆ ಮಂಡಿಯೂರಿ ಬಗ್ಗಿ ನೋಡಿದೆ. ಉಕ್ಕಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕುಟ್ಟಿದ ಅಕ್ಷರ. ನಮ್ಮ ಮನೆಯ ಕೊಡದ ಕೊರಳಿನ ಮೇಲೆ ನಾನು ದಿನಾ ನೋಡುವ ಅಕ್ಷರ. ಅಪ್ಪನ ಹೆಸರು.

ನಾನು ಹಿಂದಿನ ಗಾಲಿಯ ತನಕ ಸರಿದು ನೋಡಿದೆ. ಮುಂದಿನ ಕಮಾನಿನ ಮೇಲೂ ಅದೇ ಹೆಸರು, ಹಿಂದಿನದರ ಮೇಲೂ ಅದೇ. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೆ ನನ್ನ ಮುಖ ಓದಲು ಬರುತ್ತಿತ್ತು. ನಾನು ಹೇಳಿದೆ. ಅವಳು ಹಿಂದೆ ಸರಿದು ಒಂದು ಹಳೆಯ ಟೈರಿನ ಮೇಲೆ ಕೂತುಬಿಟ್ಟಳು. ಮಿಸ್ತ್ರಿ ಗೆದ್ದವನಂತೆ, ನನ್ನನ್ನು ಕಳ್ಳ ಅಂದಿರಿ, ಕಳ್ಳರು ನಿಮ್ಮ ಮನೆಯಲ್ಲೇ ಇದ್ದಾರೆ ನೋಡಿರಿ, ತಮ್ಮನ ಹೊಸ ಸಾಮಾನನ್ನು ಅಣ್ಣ ತನ್ನ ಕಡೆಗೆ ಹಾಕಿಕೊಂಡಿದ್ದಾನೆ ಎಂದ. ಅವ್ವ ಮಿಸ್ತ್ರಿಗೆ ಕೈ ಮುಗಿದಳು. ಎದ್ದು ಹೊರಟಳು.

ದಾರಿಯುದ್ದಕ್ಕೂ ನನಗೆ ಬಂದ ಸಿಟ್ಟನ್ನು ಈಗ ನೆನೆದರೂ ಮೈ ಬಿಸಿಯಾಗುತ್ತದೆ. ಅಪ್ಪ ಹೋದ ಮೇಲೆ ನಮಗೆ ದೇವರ ನಂತರ ದೊಡ್ಡಪ್ಪನೇ. ಸುಗ್ಗಿಯಾದರೆ ಜೋಳ ಬರುತ್ತಿತ್ತು, ತೊಗರಿ ಬರುತ್ತಿತ್ತು, ಕಮಲಾಪುರದ ಕೆಂಪು ಬಾಳೆಗೊನೆ ಬರುತ್ತಿತ್ತು. ಅದೆಲ್ಲ ಕಳ್ಳತನದ ಮೇಲೆ ಮುಚ್ಚಿದ ಬಟ್ಟೆ ಅನ್ನಿಸಿತು. ಅವನ ಕಡೆ ಹೊಸ ಕಮಾನು, ನಮ್ಮ ಕಡೆ ಸತ್ತ ಕಮಾನು, ಅದರ ಮೇಲೆ ಕೂತು ಬಂದವಳು ನನ್ನ ಅಕ್ಕ, ಅವಳ ಹೊಟ್ಟೆಯಲ್ಲಿ ಆ ಕೂಸು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರೂ ಕಮಲಾಪುರಕ್ಕೆ ಹೋದೆವು.

ದೊಡ್ಡಪ್ಪ ಪಡಸಾಲೆಯಲ್ಲಿ ಕಂಬ ಹಿಡಿದು ನಿಂತಿದ್ದ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲ ಮರೆಯಿಂದ ದೊಡ್ಡವ್ವನಿಗೆ ಹೇಳಿದಂತೆ ಮಾಡಿ ಹೇಳುತ್ತಾರೆ. ಅವ್ವ ಅಂದು ಪಡಸಾಲೆಯ ನಡುವೆ ಹೋಗಿ ಅವನ ಮುಖ ನೋಡಿ ನಿಂತಳು. ದೊಡ್ಡವ್ವ ಅಡುಗೆಮನೆಯ ಬಾಗಿಲಲ್ಲಿ ಬೆಪ್ಪಾಗಿ ನಿಂತಳು.

"ನಿಮ್ಮ ತಮ್ಮನ ಹೆಸರು ನಿಮ್ಮ ಕಡೆ ಹ್ಯಾಂಗ ಬಂತ್ರಿ?" ಎಂದು ಅವ್ವ ಕೇಳಿದಳು.

ದೊಡ್ಡಪ್ಪನಿಗೆ ಏನೂ ತಿಳಿಯಲಿಲ್ಲ. ನಾನು ಗ್ಯಾರೇಜಿನಲ್ಲಿ ಕಂಡದ್ದನ್ನು ಹೇಳುತ್ತ ಹೋದೆ, ಮೆತ್ತಗೆ ಹೇಳಲಿಲ್ಲ. ಅವನು ಕಂಬ ಬಿಟ್ಟು ಇನ್ನೊಂದು ಕಂಬದ ತನಕ ನಡೆದ, ತಿರುಗಿ ಬಂದ. ಕಮಾನು ಹಾಕಿದ ದಿನಗಳಲ್ಲಿ ತಾನು ಬೆನ್ನು ಹಿಡಿದು ಹಾಸಿಗೆಯಲ್ಲಿದ್ದೆ ಎಂದ. ತಮ್ಮ ಬಂದ, ಕಮ್ಮಾರನನ್ನು ಅಂಗಳಕ್ಕೆ ಕರೆಸಿದ, ಸುತ್ತಿಗೆಯ ಸಪ್ಪಳ ಒಳಗೆ ಕೇಳುತ್ತಿತ್ತು, ಸಂಜೆ ಕೈಯೆಲ್ಲ ಕಪ್ಪು ಮಾಡಿಕೊಂಡು ಬಂದು ಎಲ್ಲ ಹಾಕಿಸಿದ್ದೇನೆ ಅಣ್ಣಾ ಎಂದ, ಅಷ್ಟೇ ನನಗೆ ಗೊತ್ತು ಎಂದ. ಎದ್ದು ಮತ್ತೆ ಕಾರು ನಡೆಸಲು ಹತ್ತಿದಾಗ ಬೆನ್ನಿಗೆ ಅಷ್ಟು ನೋವಾಗಲಿಲ್ಲವಂತೆ. ಆಳಂದ ಕಡೆಯ ಒಬ್ಬ ನಾಟಿ ವೈದ್ಯನ ಎಣ್ಣೆಯ ಗುಣ ಎಂದು ತಿಳಿದು ಅವನಿಗೆ ಧೋತರ ಉಡಿಸಿ ಕಳಿಸಿದ್ದನಂತೆ. ಹೇಳುತ್ತಿದ್ದಂತೆಯೇ ಅವನ ದನಿ ಇಳಿಯಿತು. ಅವನಿಗೂ ಅದೇ ಹೊತ್ತಿಗೆ ಹೊಳೆಯುತ್ತಿತ್ತು ಎಂದು ಕಾಣುತ್ತದೆ.

ಅವ್ವ ನಂಬಲಿಲ್ಲ, ಕಮ್ಮಾರನನ್ನು ಕರೆಸಿರಿ ಎಂದಳು. ಕಮ್ಮಾರ ಕುಲುಮೆಯ ಮುಂದಿನಿಂದ ಎದ್ದವನು ಹಾಗೆಯೇ ಬಂದ. ಮೊದಲು ಹೇಳಲು ಒಲ್ಲೆ ಎಂದ. ದೊಡ್ಡಪ್ಪ ಗದರಿದ ಮೇಲೆ ನೆಲ ನೋಡುತ್ತ ಹೇಳಿದ.

"ಸಣ್ಣ ಸಾವಕಾರ್ರು ಬಲಕ್ಕ ಹಾಕು ಅಂದ್ರು. ನಮ್ಮಣ್ಣ ಕೊಟ್ರ ತೊಗೊಳ್ಳಂಗಿಲ್ಲ, ಅವಗ ಗೊತ್ತಾಗಬಾರದು ಅಂದ್ರು. ನನ್ನ ಸಲುವಾಗಿ ಬೆನ್ನು ಮುರಿಸಿಕೊಂಡಾನ ಅಂದ್ರು. ಈ ಮಾತು ಯಾರ ಮುಂದೂ ಆಡಬ್ಯಾಡ ಅಂತ ಆಣಿ ಹಾಕಿದ್ರು."

ಬಲಗಡೆಯ ಹಳೆಯ ಪಟ್ಟಿಗಳನ್ನು ತಾನೇ ಒಯ್ದು ಕುಡುಗೋಲು ಬಡಿದೆ ಎಂದೂ ಹೇಳಿ ಅವನು ಹೋದ. ನನ್ನ ಸಿಟ್ಟು ಹೋಗಿ ಎಲ್ಲಿ ನಿಲ್ಲಬೇಕೋ ಅದಕ್ಕೇ ತಿಳಿಯಲಿಲ್ಲ. ಅಪ್ಪ ಮಾಡಿದ್ದು ಒಳ್ಳೆಯದೇ; ಇಷ್ಟು ಒಳ್ಳೆಯದನ್ನು ಇಷ್ಟು ಕೆಟ್ಟ ರೀತಿಯಲ್ಲಿ ಯಾರಾದರೂ ಮಾಡುತ್ತಾರೆಯೇ? ಅಣ್ಣನಿಗೆ ಕೊಟ್ಟ, ಸರಿ. ಮನೆಯಲ್ಲಿ ಹೆಂಡತಿಯ ಮುಂದಾದರೂ ಒಂದು ಮಾತು ಹೇಳಬಾರದಿತ್ತೇ? ತನ್ನ ಮಗಳು ಎಡಗಡೆ ಕೂಡುತ್ತಾಳೆ ಎಂಬುದು ಅವನಿಗೆ ಹೊಳೆಯಲಿಲ್ಲವೇ?

ಹೊಳೆದಿತ್ತು. ಅದನ್ನು ಹೇಳಿದವಳು ಅಕ್ಕ. ನಾವು ಬಂದ ಸುದ್ದಿ ಕೇಳಿ ತುಂಬಿದ ಹೊಟ್ಟೆ ಹೊತ್ತುಕೊಂಡು ಅವಳು ಅಷ್ಟರಲ್ಲಿ ಬಂದು ಹೊಸ್ತಿಲ ಹತ್ತಿರ ನಿಂತಿದ್ದಳು. ಕಮ್ಮಾರನ ಮಾತು ಅವಳ ಕಿವಿಗೆ ಬಿದ್ದಿತ್ತು. ಗೋಡೆ ಹಿಡಿದು ಮೆಲ್ಲಗೆ ಕೂತಳು.

"ಆವತ್ತ ಕಾರು ಹತ್ತೋ ಮುಂದ ಅಪ್ಪ ನನಗ ಆ ಕಡಿ ಕುಂಡ್ರು ಅಂದಿದ್ದ," ಎಂದಳು. "ದೊಡ್ಡಪ್ಪನ ಹಿಂದ ಕುಂಡ್ರು, ಗಾಳಿ ಬರ್ತದ ಅಂದ. ತಾನೇ ಬಾಗಲ ತೆಗದು ಹಿಡಕೊಂಡು ನಿಂತ. ದೊಡ್ಡವ್ವ ಕಟ್ಟೀ ಮ್ಯಾಲ ನಿಂತಿದ್ದಳು, ಏನು ತಿಳಕೊಂಡಾಳು ಅಂತ ನಾ ಒಲ್ಲೆ ಅಂದೆ. ನಮ್ಮ ಕಡೀನೇ ಕುಂಡ್ರತೀನಿ ಅಪ್ಪಾ ಅಂದೆ. ಮತ್ತ ಮತ್ತ ಅಂದ. ನಾ ಈ ಕಡಿ ಬಂದು ಕುಂತ ಮ್ಯಾಲ ಆ ಬಾಗಲ ಹಾಕಿದ."

ದೊಡ್ಡಪ್ಪ ಆಗ ಸ್ಟೇರಿಂಗಿನ ಮುಂದೆ ಕೂತಿದ್ದ. ಅವನ ಕಿವಿಗೆ ಬೀಳುವ ಅಂತರದಲ್ಲಿ ಅಪ್ಪ ಕಾರಣ ಹೇಳಲಾರದೆ ಹೋದ. ಕಲಬುರಗಿಯ ತನಕ ಅವನು ಎಷ್ಟು ಸಲ ಹಿಂದೆ ತಿರುಗಿ ನೋಡಿದನೋ, ಒಂದೊಂದು ತಗ್ಗಿಗೂ ಅವನ ಎದೆ ಎಷ್ಟು ಸಲ ಹಾರಿತೋ. ಮರುದಿನ ಆ ಕೂಸು ಸತ್ತು ಹುಟ್ಟಿತು. ಮೊಮ್ಮಗನ ಹಂಬಲದಲ್ಲಿ ಹೋದ ಎಂದು ತಿಳಿದಿದ್ದೆವು. ಕೂಸನ್ನು ಕೊಂದವನು ತಾನೇ ಎಂದು ತಿಳಿದು ಅವನು ಹೋಗಿದ್ದ. ಅವ್ವ ಅಳಲಿಲ್ಲ. ಅವಳು ಅಕ್ಕನ ಹತ್ತಿರ ಹೋಗಿ, ನಿನ್ನ ತಪ್ಪಲ್ಲ ಎಂದು ಅವಳ ತಲೆಯನ್ನು ತನ್ನ ಸೊಂಟಕ್ಕೆ ಒತ್ತಿಕೊಂಡು ಬಹಳ ಹೊತ್ತು ನಿಂತಳು.

ದೊಡ್ಡಪ್ಪ ಅಂದೇ ನಮ್ಮ ಜೊತೆ ಬಸ್ಸಿನಲ್ಲಿ ಕಲಬುರಗಿಗೆ ಬಂದ. ಬಲಗಡೆಯ ಕಮಾನು ಬಿಚ್ಚಿ ಎಡಕ್ಕೆ ಹಾಕು, ನನಗೆ ಬೇಡ ಎಂದು ಮಿಸ್ತ್ರಿಗೆ ಹೇಳಿದ. ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡ. ಅವ್ವ ಅಡ್ಡ ಬಂದಳು. ಅವರು ಕೂರಿಸಿದ್ದು ಅಲ್ಲೇ ಇರಲಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಏಟು ದಾಟಿಸುವುದು ಇನ್ನು ಸಾಕು ಎಂದಳು. ನನ್ನ ಮೂಲಕ ಅವಳು ಮಿಸ್ತ್ರಿಗೆ ಹೇಳಿಸಿದ್ದು ಇಷ್ಟು: ಕಿಂಗ್‌ಪಿನ್ನು ಮತ್ತು ಬುಶ್ಶು ಎರಡೂ ಕಡೆ ಹೊಸವು, ಜೀವದ ಪ್ರಶ್ನೆ ಅದು. ಎಡಗಡೆ ಮುಂದೆ ಹಿಂದೆ ಹೊಸ ಕಮಾನು. ಬಲಗಡೆಯವು ಇನ್ನೂ ಗಟ್ಟಿ ಇರುವುದರಿಂದ ಗಾಡಿ ಸಮ ನಿಲ್ಲುತ್ತದೆ. ಸೋರುವ ಶಾಕು ಹಾಗೆಯೇ ಇರಲಿ, ಹೊಸದು ಸಿಕ್ಕಾಗ ನೋಡೋಣ. ಮಿಸ್ತ್ರಿ ಕೊನೆಯದಕ್ಕೆ ತಕರಾರು ಎತ್ತಿದ, ತಾನು ನವಾಬರ ಮೋಟಾರು ಬಿಚ್ಚಿದ ಕಥೆ ತೆಗೆದ. ಯಾರೂ ಕೇಳಿಸಿಕೊಳ್ಳಲಿಲ್ಲ. ದೊಡ್ಡಪ್ಪ ತಾನೇ ಸೊಲ್ಲಾಪುರಕ್ಕೆ ಹೋಗಿ ಬಂದ, ಕೂಡಲಾಗದ ಬೆನ್ನು ಹೊತ್ತುಕೊಂಡು ರೈಲಿನ ಬಾಗಿಲಲ್ಲಿ ನಿಂತು.

ಅಕ್ಕನನ್ನು ಕರೆತಂದ ದಿನ ಅವಳು ಕೂತದ್ದು ಹಿಂದಿನ ಸೀಟಿನ ನಡುವೆ, ಆ ಹೊಲಿಗೆಯ ಮೇಲೆ. ಒಂದು ಮಗ್ಗುಲಿಗೆ ಅವ್ವ, ಇನ್ನೊಂದು ಮಗ್ಗುಲಿಗೆ ದೊಡ್ಡವ್ವ, ಇಬ್ಬರೂ ಅವಳ ಕೈ ಹಿಡಿದಿದ್ದರು. ದೊಡ್ಡಪ್ಪ ಎತ್ತಿನ ಬಂಡಿಗಿಂತ ಮೆಲ್ಲಗೆ ಓಡಿಸಿದ. ಮಹಾಗಾಂವ ದಾಟುವ ತನಕ ನಾನು ಮುಂದಿನ ಎಡ ಸೀಟಿನಿಂದ ಹಿಂದೆ ತಿರುಗಿ ನೋಡುತ್ತಲೇ ಇದ್ದೆ. ನಮ್ಮ ಓಣಿಯ ಬಾಯಿಗೆ ಬಂದಾಗ ಅಕ್ಕ, ಕೂಸು ಒದೆಯುತ್ತಿದೆ ಎಂದಳು. ದೊಡ್ಡಪ್ಪ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡ.

ಹೆರಿಗೆ ಸರಕಾರಿ ದವಾಖಾನೆಯಲ್ಲಿ ಆಯಿತು. ಹಿಂದಿನ ಸಲ ನೋಡಿದ ಹೈದರಾಬಾದಿನ ಡಾಕ್ಟರಿಣಿಯೇ ಈಗಲೂ ಇದ್ದರು. ಅವರಿಗೆ ಬರುತ್ತಿದ್ದುದು ಉರ್ದು ಮತ್ತು ಇಂಗ್ಲಿಷ್; ಕನ್ನಡ ಬಾರದು. ಹಿಂದಿನ ಸಲ ಮದುವೆಯಾಗದ ಹುಡುಗಿಗೆ ಹೆರಿಗೆ ಕೋಣೆಯ ಕಡೆ ಕೆಲಸವಿಲ್ಲ ಎಂದು ನನ್ನನ್ನು ಮನೆಯಲ್ಲೇ ಬಿಟ್ಟಿದ್ದರು. ಈ ಸಲ ಅವ್ವ ಯಾರ ಮಾತನ್ನೂ ಕೇಳದೆ ನನ್ನನ್ನು ಒಳಗೆ ಕರೆದೊಯ್ದಳು. ಕೂಸು ಅತ್ತಿತು. ಹೆಣ್ಣು. ಅವ್ವ ಡಾಕ್ಟರಿಣಿಯ ಎರಡೂ ಕೈ ಹಿಡಿದು, ಈ ಸಲ ಕಾರಿನ ಕಮಾನು ಬದಲಿಸಿದೆವು, ಅದಕ್ಕೇ ಕೂಸು ಉಳಿಯಿತು, ಹೇಳು ಅವರಿಗೆ ಎಂದು ನನಗೆ ಅಂದಳು. ನಾನು ಹೇಳಿದೆ.

ಡಾಕ್ಟರಿಣಿ ಮೊದಲು ನಕ್ಕರು. ಕಾರಿಗೂ ಇದಕ್ಕೂ ಏನು ಸಂಬಂಧ ಎಂದರು. ಹಿಂದಿನ ಸಲ ದಾರಿಯ ಕುಲುಕಿಗೆ ಕೂಸು ಹೋಯಿತಲ್ಲ ಎಂದೆ. ಅವರ ನಗು ಹೋಯಿತು. ಯಾರು ಹೇಳಿದರು ನಿಮಗೆ ಎಂದು ಕೇಳಿದರು. ಆ ಕೂಸು ಹುಟ್ಟುವುದಕ್ಕೆ ಎಷ್ಟೋ ದಿನ ಮೊದಲೇ ಹೊಟ್ಟೆಯೊಳಗೆ ಜೀವ ಬಿಟ್ಟಿತ್ತು, ಹೊಕ್ಕುಳ ಹುರಿ ಕೊರಳಿಗೆ ಬಿಗಿದಿತ್ತು, ಅದರ ಮೈ ನೋಡಿದರೇ ತಿಳಿಯುತ್ತಿತ್ತು, ನೀವು ಅವಳನ್ನು ಕಾರಿಗೆ ಹತ್ತಿಸುವ ಮುಂಚೆಯೇ ಅದು ಹೋಗಿತ್ತು ಎಂದರು. ಪಲ್ಲಕ್ಕಿಯಲ್ಲಿ ತಂದಿದ್ದರೂ ಅಷ್ಟೇ ಎಂದರು.

ಏನಂದರು, ಏನಂದರು ಎಂದು ಅವ್ವ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಳು. ಆ ಮಾತನ್ನು ಕನ್ನಡಕ್ಕೆ ತರುವುದು ನನ್ನ ಜನ್ಮದಲ್ಲಿ ನಾನು ಮಾಡಿದ ಎಲ್ಲಕ್ಕಿಂತ ಕಷ್ಟದ ಕೆಲಸ. ಹೇಗೋ ಹೇಳಿದೆ. ಅವ್ವ ನನ್ನ ತೋಳು ಬಿಟ್ಟಳು.

"ಆವಾಗ ಯಾಕ ಹೇಳಲಿಲ್ಲ ಅಂತ ಕೇಳು," ಎಂದಳು.

ಕೇಳಿದೆ. ಆಯಾಳನ್ನು ಕಳಿಸಿ ಹುಡುಗಿಯ ತಂದೆಯನ್ನು ಕರೆಸಿದ್ದೆ ಎಂದರು ಡಾಕ್ಟರಿಣಿ. ಅವರು ವರಾಂಡದ ತುದಿಯಲ್ಲಿ ನಿಂತು, ಕೂಸು ಉಳಿಯಲಿಲ್ಲ ಎಂದು ನಾನು ಹೇಳುತ್ತಿದ್ದಂತೆಯೇ ಕೈ ಮುಗಿದು ತಿರುಗಿ ಹೋಗಿಬಿಟ್ಟರು, ಮುಂದಿನದನ್ನು ಹೇಳಲು ಯಾರೂ ನಿಲ್ಲಲಿಲ್ಲ ಎಂದರು. ಅಪ್ಪನಿಗೆ ಉರ್ದು ನೀರು ಕುಡಿದಷ್ಟು ಸಲೀಸು. ತಹಸೀಲಿನಲ್ಲಿ, ಸುಂಕ ವಸೂಲಿಯ ಕರೋಡಗಿರಿ ನಾಕೆಯಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳ ಜೊತೆ ವಾದ ಹಾಕಿದವನು. ಬಾಣಂತಿಯ ಕೋಣೆಯ ಹೊರಗೆ ನಿಂತು ಒಬ್ಬ ಹೆಂಗಸನ್ನು ಹೇಗಾಯಿತು ಎಂದು ಕೇಳುವುದು ಗಂಡಸಿಗೆ ತಕ್ಕದ್ದಲ್ಲ ಎಂದು ತಿಳಿದು ಹೊರಟುಹೋದ.

ಅವ್ವ ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ದೊಡ್ಡಪ್ಪ ವರಾಂಡದಲ್ಲಿ ನಿಂತಿದ್ದ. ಹೆಣ್ಣು, ಇಬ್ಬರೂ ಆರಾಮ ಇದ್ದಾರೆ ಎಂದು ಅವ್ವ ಹೇಳಿದಳು. ಅವನು ಗುಡಿಯಿದ್ದ ದಿಕ್ಕಿಗೆ ತಿರುಗಿ ಕೈ ಮುಗಿದ, ಕಣ್ಣು ಒರೆಸಿಕೊಂಡ. ಅವನ ಕೈ ಇಳಿಯುವ ತನಕ ಅವ್ವ ಕಾದಳು. ಆಮೇಲೆ ಡಾಕ್ಟರಿಣಿ ಹೇಳಿದ್ದನ್ನು ಒಂದೂ ಮಾತು ಬಿಡದೆ, ಮೆಲ್ಲಗೆ, ಅವನ ಮುಖ ನೋಡುತ್ತಲೇ ಹೇಳಿದಳು.

ದೊಡ್ಡಪ್ಪ ವರಾಂಡದ ಕಂಬ ಹಿಡಿದುಕೊಂಡ.

"ತಮ್ಮಗ ಇದು ಗೊತ್ತಿತ್ತಾ?" ಎಂದು ಕೇಳಿದ.

"ಇಲ್ಲರೀ," ಎಂದಳು ಅವ್ವ. "ಅವರು ಕೇಳಿರಲಿಲ್ಲ."